ಮಂಡಿ ಮೊಹಲ್ಲಾದ ಒಂದು ಫೋಲ್ಡರು, ಐಕಾನ್ ಸುತ್ತ ಒಂದು ಗೆರೆ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಇನ್‌ಲೇ ಕೆಲಸ ಮಾಡೋ ಒಂದು ಮನೆ ಇದೆ, ಮುಂದಿನ ರೂಮಲ್ಲಿ ಗರಗಸದ ಮಿಷನ್ನು, ಹಿಂದಿನ ರೂಮಲ್ಲಿ ಪಾಲಿಶು, ನಡುವೆ ಓಣಿ ಥರ ಇರೋ ಜಾಗದಲ್ಲಿ ಒಂದು ಮೇಜು, ಅದರ ಮೇಲೆ ಹಳೇ ಡೆಸ್ಕ್‌ಟಾಪ್ ಕಂಪ್ಯೂಟರು. ಎಷ್ಟು ಒರೆಸಿದ್ರೂ ಮರದ ಪುಡಿ ಬಂದು ಕೂರುತ್ತೆ ಅಂತ ಕೀಬೋರ್ಡಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದಾರೆ. ಕೆಲಸದ ಯಜಮಾನರನ್ನ ಅಲ್ಲಿ ಎಲ್ಲರೂ ಉಸ್ತಾದ್ ಅಂತಾರೆ, ನಾನೂ ಹಾಗೇ ಕರೆಯೋದು. ನನ್ನ ಕೆಲಸ ಕಂಪ್ಯೂಟರ್ ರಿಪೇರಿ, ಜೊತೆಗೆ ಅಂಗಡಿಗಳಿಗೆ ಸಣ್ಣಪುಟ್ಟ ಪ್ರೋಗ್ರಾಂ ಬರೆದುಕೊಡೋದು. ಹೋದ ವರ್ಷ ಒಂದಿನ ಉಸ್ತಾದರ ಮಗ ಫೋನ್ ಮಾಡಿ, "ಅಕ್ಕಾ, ಅಬ್ಬಾ ಬೆಳಿಗ್ಗೆಯಿಂದ ಮೌಸ್ ಜೊತೆ ಒದ್ದಾಡ್ತಾ ಇದಾರೆ, ಮೌಸ್ ಹಾಳಾಗಿರಬೇಕು, ಬರ್ತಾ ಒಂದು ಹೊಸದು ತಗೊಂಡು ಬನ್ನಿ" ಅಂದ. ಹೋಗಿ ನೋಡಿದ್ರೆ ಮೌಸ್ ಚೆನ್ನಾಗೇ ಇತ್ತು.

ತೊಂದರೆ ಏನು ಅಂತ ಅರ್ಥ ಆಗಬೇಕಾದ್ರೆ ಅವರ ಕೆಲಸ ಸ್ವಲ್ಪ ಗೊತ್ತಿರಬೇಕು. ಇನ್‌ಲೇ ಅಂದ್ರೆ ಬೀಟೆ ಹಲಗೆ ಮೇಲೆ ಚಿತ್ರದ ಆಕಾರಕ್ಕೆ ತಗ್ಗು ಮಾಡಿ, ಆ ತಗ್ಗಿಗೆ ಸರಿಯಾಗಿ ಕೂರೋ ಹಾಗೆ ಬೇರೆ ಬೇರೆ ಬಣ್ಣದ ಮರದ ತುಂಡು ಕತ್ತರಿಸಿ ಅಂಟಿಸಿ, ಉಜ್ಜಿ, ಪಾಲಿಶ್ ಮಾಡೋದು. ಹಳದಿ ಬೇಕು ಅಂದ್ರೆ ಹಲಸು, ಕಪ್ಪಿಗೆ ಎಬೊನಿ, ಹೀಗೆ. ಹಿಂದೆ ಆನೆದಂತಾನೂ ಕೂರಿಸ್ತಿದ್ರು, ಅರಮನೆ ಅಂಬಾವಿಲಾಸದ ಬಾಗಿಲು ನೋಡಿದವರಿಗೆ ಗೊತ್ತು, ಈಗ ದಂತದ ಕೆಲಸ ನಿಂತು ಎಲ್ಲಾ ಮರದಲ್ಲೇ ಆಗುತ್ತೆ. ಒಂದು ಜಂಬೂಸವಾರಿ ಪ್ಯಾನೆಲ್ ಅಂದ್ರೆ ಆನೆ ಒಂದು ತುಂಡಲ್ಲ, ಆನೆ ಮೈ ಬೇರೆ, ಅಂಬಾರಿ ಬೇರೆ, ಮೇಲಿನ ಜೂಲು ಬೇರೆ, ಮಾವುತ ಬೇರೆ, ಹಿಂದಿನ ತೆಂಗಿನ ಮರ ಬೇರೆ. ಪ್ರತಿ ತುಂಡಿಗೂ ಕಾಗದದ ಮೇಲೆ ಒಂದು ಗೆರೆಚಿತ್ರ, ಅದನ್ನ ಜೆರಾಕ್ಸ್ ಮಾಡಿಸಿ ತೆಳು ಮರಕ್ಕೆ ಅಂಟಿಸಿ ಗೆರೆ ಮೇಲೆ ಗರಗಸ ಓಡಿಸ್ತಾರೆ. ಆ ಮೂಲ ಕಾಗದಗಳು ಮೂವತ್ತು ವರ್ಷದ ಗಳಿಕೆ, ಗೆದ್ದಲು ಹತ್ತಿದ ಮೇಲೆ ಮಗ ಹಟ ಹಿಡಿದು ಎಲ್ಲಾನೂ ಸ್ಕ್ಯಾನ್ ಮಾಡಿ ಒಂದೇ ಫೋಲ್ಡರಿಗೆ ಹಾಕಿದ. 412 ಫೈಲು. ಹೆಸರು ಸ್ಕ್ಯಾನರ್ ಕೊಟ್ಟಿದ್ದೇ, ಸ್ಕ್ಯಾನ್ 0001 ಇಂದ ಶುರು.

ಆ ಕಂಪ್ಯೂಟರಲ್ಲಿ ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಮಿಂಟ್‌ನ ಮಾಟೆ ಆವೃತ್ತಿ ಹಾಕಿದ್ದೆ ನಾನೇ, ಹಳೇ ಮಿಷನ್ನಿಗೆ ಭಾರ ಆಗಲ್ಲ ಅಂತ. ಅದರ ಫೈಲ್ ಮ್ಯಾನೇಜರ್, ಅಂದ್ರೆ ಫೋಲ್ಡರ್ ತೆರೆದು ಫೈಲು ತೋರಿಸೋ ಪ್ರೋಗ್ರಾಂ, ಅದರ ಹೆಸರು ಕಾಹಾ, ಲಿನಕ್ಸಿನ ಹಳೇ ಗ್ನೋಮ್ 2 ಡೆಸ್ಕ್‌ಟಾಪ್ ಕಾಲದ ಫೈಲ್ ಮ್ಯಾನೇಜರ್ ನಾಟಿಲಸ್‌ನ ಸಂತಾನ. ಅದರಲ್ಲಿ ಒಂದು ಗುಣ ಉಳ್ಕೊಂಡಿದೆ, ಫೋಲ್ಡರ್ ಒಳಗಿನ ಐಕಾನ್‌ಗಳನ್ನ ನಮಗೆ ಬೇಕಾದ ಕಡೆ ಎಳೆದು ಇಡಬಹುದು, ಮತ್ತೆ ತೆರೆದಾಗ ಇಟ್ಟಲ್ಲೇ ಇರುತ್ತೆ. ಇದನ್ನ ಉಸ್ತಾದರು ಯಾರೂ ಹೇಳಿಕೊಡದೆ ಕಂಡ್ಕೊಂಡಿದ್ರು. ನಾನು ಹೋದಾಗ ಆ ಫೋಲ್ಡರ್ ನೋಡಿ ಒಂದು ನಿಮಿಷ ಸುಮ್ನೆ ನಿಂತೆ. ಸಾಲಾಗಿ ಜೋಡಿಸಿದ ಐಕಾನ್ ಒಂದೂ ಇಲ್ಲ. ಎಡಕ್ಕೆ ಮರಗಳ ಗುಂಪು, ಮಧ್ಯ ಜಂಬೂಸವಾರಿ, ಅದರಲ್ಲಿ ಆನೆ ಮೈ ಕೆಳಗೆ ಕಾಲು, ಮೇಲೆ ಅಂಬಾರಿ, ಹಿಂದೆ ಸಾಲಾಗಿ ಸಿಪಾಯಿಗಳು, ಬಲಕ್ಕೆ ಎತ್ತಿನ ಗಾಡಿ, ಹಳ್ಳಿ ಮನೆ, ಬಾವಿ ಕಟ್ಟೆ. ಹಲಗೆ ಮೇಲೆ ಕಾಗದ ಹರಡಿ ಕೂತಾಗ ಹೇಗೆ ಇಟ್ಕೋತಾರೋ ಪರದೆ ಮೇಲೂ ಅದೇ ಥರ ಹರಡಿದ್ರು. ಪಕ್ಕದಲ್ಲಿರೋ ಎರಡು ಐಕಾನ್ ಅಂದ್ರೆ ಮರದಲ್ಲೂ ಒಂದಕ್ಕೊಂದು ತಾಗೋ ಎರಡು ತುಂಡು.

ಈಗ ಅವರಿಗೆ ಒಂದು ಪ್ಯಾನೆಲ್ಲಿನ ಫೈಲುಗಳೆಲ್ಲಾ ಪೆನ್‌ಡ್ರೈವಿಗೆ ಹೋಗಬೇಕು, ಜೆರಾಕ್ಸ್ ಅಂಗಡೀಲಿ ಪ್ರಿಂಟ್ ಹಾಕ್ಸೋಕೆ. ಖಾಲಿ ಜಾಗದಲ್ಲಿ ಮೌಸ್ ಒತ್ತಿ ಎಳೆದ್ರೆ ಒಂದು ಚೌಕ ಬರುತ್ತೆ, ಚೌಕದೊಳಗೆ ಬಿದ್ದಿದ್ದೆಲ್ಲಾ ಸೆಲೆಕ್ಟ್, ಇದು ಎಲ್ಲರಿಗೂ ಗೊತ್ತಿರೋದೇ. ಆದ್ರೆ ಮೆರವಣಿಗೆ ಚೌಕ ಅಲ್ಲವಲ್ಲ. ಅದು ಎಡಕ್ಕೆ ಇಳಿದು ಬಲಕ್ಕೆ ಏರೋ ಆಕಾರ, ಅದರ ಬಗಲಲ್ಲಿ ಬೇರೆ ಪ್ಯಾನೆಲ್ಲಿನ ಮರ ನುಗ್ಗಿದೆ, ಅಂಬಾರಿ ಪಕ್ಕದಲ್ಲೇ ಹಳ್ಳಿ ಮನೆ ಹೆಂಚು. ಚೌಕ ಎಳೆದ್ರೆ ಬೇಕಾಗಿರೋ 27 ಫೈಲಿನ ಜೊತೆ ಬೇಡದ್ದು ಒಂಬತ್ತೋ ಹತ್ತೋ ಬಂದುಬಿಡುತ್ತೆ. ಅದನ್ನ ತೆಗೆಯೋಕೆ ಕಂಟ್ರೋಲ್ ಹಿಡ್ಕೊಂಡು ಒಂದೊಂದೇ ಕ್ಲಿಕ್ ಮಾಡಬೇಕು. ಉಸ್ತಾದರ ಬೆರಳು ದಪ್ಪ, ಗರಗಸದ ಮುಂದೆ ಮೂರು ಗಂಟೆ ಕೂತು ಎದ್ದ ಮೇಲೆ ಕೈ ಸ್ವಲ್ಪ ನಡುಗುತ್ತೆ, ಹತ್ತನೇ ಕ್ಲಿಕ್ಕಿಗೆ ಕಂಟ್ರೋಲ್ ಮೇಲಿಂದ ಬೆರಳು ಜಾರಿದ್ರೆ ಅಲ್ಲಿವರೆಗೆ ಆರಿಸಿದ್ದೆಲ್ಲಾ ಹೋಯ್ತು, ಮೊದಲಿಂದ ಶುರು.

ಇನ್ನೊಂದು ತೊಂದರೆ ನನ್ನ ಕಣ್ಣಿಗೆ ತಡವಾಗಿ ಬಿತ್ತು. ಫೋಲ್ಡರಲ್ಲಿ ಅಲ್ಲಲ್ಲಿ ಒಂದರ ಮೇಲೊಂದು ಏರಿಕೊಂಡ ಐಕಾನ್‌ಗಳಿದ್ವು, ಕೆಳಗಿನ ಹೆಸರು ಓದಿದ್ರೆ ಸ್ಕ್ಯಾನ್ 0112, ಅದರ ಮೇಲೆ ಸ್ಕ್ಯಾನ್ 0112 ಕಾಪಿ, ಇನ್ನೊಂದು ಕಡೆ ಮೂರನೇ ಕಾಪಿ. ಮಗ ಅಂದ, "ವೈರಸ್ ಇರಬೇಕು ಅಕ್ಕಾ." ವೈರಸ್ ಅಲ್ಲ. ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿದ್ರೆ ಸೆಲೆಕ್ಷನ್ನಿಗೆ ಸೇರಿಸು ಅಂತ ಅರ್ಥ, ಅದೇ ಕಂಟ್ರೋಲ್ ಒತ್ತಿ ಎಳೆದ್ರೆ ಕಾಪಿ ಮಾಡು ಅಂತ ಅರ್ಥ. ಇದು ಕಾಹಾದಲ್ಲಿ ಮಾತ್ರ ಅಲ್ಲ, ವಿಂಡೋಸಲ್ಲೂ ಹೀಗೇ. ಕ್ಲಿಕ್ ಮತ್ತೆ ಎಳೆಯೋದರ ನಡುವೆ ಇರೋ ವ್ಯತ್ಯಾಸ ಕೆಲವೇ ಪಿಕ್ಸೆಲ್ಲು. ನಡುಗೋ ಕೈ ಆ ಕೆಲವು ಪಿಕ್ಸೆಲ್ ದಾಟಿದ ಕೂಡಲೇ, ಆರಿಸಿದ್ದ ಇಪ್ಪತ್ತು ಫೈಲೂ ಒಟ್ಟಿಗೆ ಕಾಪಿ ಆಗುತ್ತೆ. ಹಾಗಾಗಿ 412 ಇದ್ದದ್ದು ಐನೂರು ಚಿಲ್ಲರೆ ಆಗಿತ್ತು. ಇದರಲ್ಲಿ ಉಸ್ತಾದರ ತಪ್ಪು ಒಂದಿಷ್ಟೂ ಇಲ್ಲ, ಒಂದೇ ಕೀಲಿಗೆ ಎರಡು ಕೆಲಸ ಕೊಟ್ಟ ವಿನ್ಯಾಸದ ತಪ್ಪು ಅಂತಾನೇ ನಾನು ಹೇಳೋದು.

ನಷ್ಟ ಆಗಿದ್ದೂ ಇದೇ ಗೊಂದಲದಲ್ಲಿ. ಒಂದು ಆರ್ಡರಿಗೆ ಹಳ್ಳಿ ಪ್ಯಾನೆಲ್ಲಿನ ಗುಂಪು ತಗೊಳ್ಳುವಾಗ ಮೆರವಣಿಗೆ ಗುಂಪಿನ ತೆಂಗಿನ ಮರ ಸೇರ್ಕೊಂಡಿತ್ತು, ಹಳ್ಳಿಯ ಮಾವಿನ ಮರ ಬಿಟ್ಟು ಹೋಗಿತ್ತು. ಪ್ರಿಂಟ್ ಬಂತು, ಹುಡುಗರು ಕತ್ತರಿಸಿದ್ರು, ಹಲಗೇಲಿ ತಗ್ಗೂ ಮಾಡಿಬಿಟ್ರು. ಬೀಟೆ ಹಲಗೇಲಿ ಒಂದ್ಸಲ ತಗ್ಗು ತೆಗೆದ್ರೆ ಮತ್ತೆ ತುಂಬೋಕಾಗಲ್ಲ. ಆ ಹಲಗೆ ಇವತ್ತಿಗೂ ಗೋಡೆಗೆ ಒರಗಿಸಿ ಇಟ್ಟಿದ್ದಾರೆ.

ನಾನು ಮೊದಲು ಹೇಳಿದ್ದು ಯಾರಾದ್ರೂ ಹೇಳೋ ಮಾತೇ, ಒಂದೊಂದು ಪ್ಯಾನೆಲ್ಲಿಗೂ ಒಂದೊಂದು ಫೋಲ್ಡರ್ ಮಾಡಿ ಅಂತ. ಉಸ್ತಾದರು ತಲೆ ಆಡಿಸಿದ್ರು. "ನೋಡಮ್ಮಾ, ಈ ಬಾಳೆ ಗಿಡ ಇದ್ಯಲ್ಲ, ಹಳ್ಳೀಗೂ ಬರುತ್ತೆ, ಗುಡೀಗೂ ಬರುತ್ತೆ, ಮದುವೆ ಚಪ್ಪರಕ್ಕೂ ಬರುತ್ತೆ. ಯಾವ ಡಬ್ಬಕ್ಕೆ ಹಾಕ್ಲಿ?" ಸರಿ, ಹೆಸರು ಬದಲಾಯಿಸಿ, ಮರ 1, ಮರ 2, ಆಮೇಲೆ ಹೆಸರಿನ ಮೇಲೆ ಸೆಲೆಕ್ಟ್ ಮಾಡಬಹುದು ಅಂದೆ. ಕಾಹಾದಲ್ಲಿ ಕಂಟ್ರೋಲ್ ಎಸ್ ಒತ್ತಿದ್ರೆ ಹೆಸರಿನ ಮಾದರಿ ಕೇಳುತ್ತೆ, ಮರ ಅಂತ ಬರೆದು ಮುಂದೆ ನಕ್ಷತ್ರ ಚಿಹ್ನೆ (*) ಕೊಟ್ರೆ ಮರ ಅಂತ ಶುರುವಾಗೋದೆಲ್ಲಾ ಆಯ್ಕೆ ಆಗುತ್ತೆ, ಹೆಸರು ನೆಟ್ಟಗಿದ್ರೆ ಒಳ್ಳೇ ಸೌಲಭ್ಯ. ಅವರು ಕೇಳಿದ್ರು, ಈ ಸೊಂಡಿಲಿಗೆ ಏನು ಹೆಸರಿಡ್ಲಿ, ಇದೇ ಥರದ್ದು ಹನ್ನೊಂದು ಸೊಂಡಿಲಿದೆ, ಎತ್ತಿದ್ದು, ಇಳಿಸಿದ್ದು, ಸುರುಳಿ ಮಾಡಿದ್ದು, ಹೆಸರು ಯಾರು ನೆನಪಿಟ್ಕೋತಾರೆ, ಎಲ್ಲಿಟ್ಟಿದ್ದೀನಿ ಅನ್ನೋದು ನೆನಪಿರುತ್ತೆ. ಈ ಮಾತು ಕೇಳಿದ ಮೇಲೆ ನಾನು ವಾದ ಮಾಡೋದು ಬಿಟ್ಟೆ.

ಯಾಕಂದ್ರೆ ಇಡೀ ವಿಷಯ ಅಲ್ಲೇ ಇದೆ. ಹೆಚ್ಚಿನ ಫೋಲ್ಡರಲ್ಲಿ ಐಕಾನ್ ಇರೋ ಜಾಗಕ್ಕೆ ಅರ್ಥ ಇರಲ್ಲ. ಹೆಸರಿನ ಪ್ರಕಾರ ಜೋಡಿಸಿದ್ರೆ ಒಂದು ಕಡೆ, ತಾರೀಕಿನ ಪ್ರಕಾರ ಜೋಡಿಸಿದ್ರೆ ಇನ್ನೊಂದು ಕಡೆ, ಕಿಟಕಿ ಅಗಲ ಮಾಡಿದ್ರೆ ಸಾಲೇ ಬದಲಾಗುತ್ತೆ. ಅಂಥಲ್ಲಿ ಪಕ್ಕಪಕ್ಕ ಇರೋದು ಬರೀ ಕಾಕತಾಳೀಯ, ಅದರ ಸುತ್ತ ಸೊಟ್ಟಗೆ ಗೆರೆ ಎಳೆದು ಏನು ಲಾಭ? ಆದ್ರೆ ಕೈಯಾರೆ ಇಟ್ಟ ಐಕಾನುಗಳಲ್ಲಿ ಜಾಗಾನೇ ಮಾಹಿತಿ. ಫೈಲಿನ ಹೆಸರಲ್ಲಿ ಇಲ್ಲದ್ದು, ಫೋಲ್ಡರಲ್ಲಿ ಇಲ್ಲದ್ದು, ಆ ಜಾಗದಲ್ಲಿದೆ. ಆ ಮಾಹಿತಿನ ಓದೋಕೆ ಚೌಕ ಸಾಲಲ್ಲ, ಗುಂಪಿಗೆ ಯಾವ ಆಕಾರ ಇದ್ಯೋ ಅದೇ ಆಕಾರದ ಗೆರೆ ಬೇಕು. ಚಿತ್ರ ಬಿಡಿಸೋ ಪ್ರೋಗ್ರಾಂಗಳಲ್ಲಿ ಲ್ಯಾಸೋ ಅಂತಾರಲ್ಲ, ಹಗ್ಗದ ಕುಣಿಕೆ ಹಾಗೆ ಬೇಕಾದ್ದರ ಸುತ್ತ ಎಳೆಯೋದು, ಅದು.

ಇದೇನು ಹೊಸ ಕಲ್ಪನೆ ಅಲ್ಲ. 1984ರಲ್ಲಿ ಮೊದಲ ಮ್ಯಾಕಿಂಟಾಷ್ ಜೊತೆ ಬಂದ ಮ್ಯಾಕ್‌ಪೇಂಟಲ್ಲಿ, ಬಿಲ್ ಅಟ್ಕಿನ್‌ಸನ್ ಬರೆದಿದ್ದು, ಚೌಕದ ಆಯ್ಕೆ ಮತ್ತೆ ಲ್ಯಾಸೋ ಎರಡೂ ಪಕ್ಕಪಕ್ಕದಲ್ಲೇ ಇತ್ತು. ಅದೇ ಮಿಷನ್ನಿನ ಫೈಂಡರಲ್ಲಿ, ಅಂದ್ರೆ ಫೈಲ್ ನೋಡೋ ಕಡೆ, ಚೌಕ ಮಾತ್ರ. ಅದೂ ಐಕಾನ್ ಬೇಕಾದಲ್ಲಿ ಇಡಬಹುದಾಗಿದ್ದ ಫೈಂಡರು. ಅಲ್ಲಿಂದ ಫೈಲ್ ಮ್ಯಾನೇಜರುಗಳು ಜಾಗಾನ ನಿಧಾನಕ್ಕೆ ಮರೆಯೋ ಕಡೆಗೇ ನಡೆದ್ವು. ವಿಂಡೋಸ್ ಎಕ್ಸ್‌ಪಿಯಲ್ಲಿ ಫೋಲ್ಡರೊಳಗೆ ಐಕಾನ್ ಅಡ್ಡಾದಿಡ್ಡಿ ಇಡಬಹುದಿತ್ತು, ವಿಂಡೋಸ್ 7 ಬಂದಾಗ ಅದನ್ನ ತೆಗೆದ್ರು, ಡೆಸ್ಕ್‌ಟಾಪಲ್ಲಿ ಮಾತ್ರ ಉಳೀತು. ಜಾಗಾನೇ ಉಳಿಯದ ಮೇಲೆ ಲ್ಯಾಸೋನ ಯಾರೂ ಕೇಳಲ್ಲ, ಅದು ನನಗೆ ಅರ್ಥ ಆಗುತ್ತೆ. ಆದ್ರೆ ಮಂಡಿ ಮೊಹಲ್ಲಾದ ಈ ಮೇಜಿನ ಮುಂದೆ ಕೇಳೋರು ಒಬ್ಬರಿದ್ರು.

ಕಾಹಾದ ಕೋಡಿಗೆ ಕೈ ಹಾಕೋಕೆ ಹೋಗ್ಲಿಲ್ಲ, ಅದು ದೊಡ್ಡ ಸಾಗರ, ಮತ್ತೆ ಪ್ರತಿ ಅಪ್‌ಡೇಟಿಗೂ ನಾನೇ ಹೊಂದಿಸ್ತಾ ಕೂರಬೇಕು. ಬದಲಿಗೆ ಪೈಥಾನ್ ಅನ್ನೋ ಪ್ರೋಗ್ರಾಂ ಭಾಷೇಲಿ, ಕಿಟಕಿ, ಬಟನ್ ಎಲ್ಲಾ ಮಾಡೋಕೆ ಸಿದ್ಧ ಕೋಡ್ ಇರೋ ಕ್ಯೂಟಿ ಲೈಬ್ರರಿ ಹಿಡ್ಕೊಂಡು, ಅದೇ ಫೋಲ್ಡರನ್ನ ತೋರಿಸೋ ಒಂದು ಸಣ್ಣ ಕಿಟಕಿ ಬರೆದೆ. ಪ್ರತಿ ಸ್ಕ್ಯಾನಿನ ಚಿಕ್ಕ ಚಿತ್ರ, ಕೆಳಗೆ ಹೆಸರು, ಎಲ್ಲಿಟ್ರು ಅನ್ನೋದು ಪಕ್ಕದಲ್ಲಿ ಒಂದು ಸಣ್ಣ ಫೈಲಲ್ಲಿ ಉಳಿಯುತ್ತೆ, ಖಾಲಿ ಜಾಗದಿಂದ ಮೌಸ್ ಎಳೆದ್ರೆ ಗೆರೆ ಬರುತ್ತೆ, ಬಿಟ್ರೆ ಗೆರೆಯೊಳಗಿನದ್ದು ಆಯ್ಕೆ. ಕ್ಯೂಟಿಯಲ್ಲಿ ಯಾವುದೇ ಆಕಾರದ ದಾರಿ, ಅಂದ್ರೆ ಸುತ್ತುಗೆರೆ, ಕೊಟ್ರೆ ಅದರೊಳಗಿನ ವಸ್ತುಗಳನ್ನ ಆರಿಸೋ ಫಂಕ್ಷನ್ ಮೊದಲೇ ಇದೆ, ಒಂದು ಸಂಜೇಲಿ ಮುಗೀತು. ಮುಗೀತು ಅಂದ್ಕೊಂಡೆ. ನಿಜವಾದ ಕೆಲಸ ಉಸ್ತಾದರ ಕೈಗೆ ಕೊಟ್ಟ ಮೇಲೆ ಶುರುವಾಯ್ತು.

ಮೊದಲ ಪ್ರಶ್ನೆ, ಯಾವಾಗ ಒಂದು ಐಕಾನ್ ಗೆರೆಯೊಳಗೆ ಇದೆ ಅನ್ನಬೇಕು? ಕೇಳೋಕೆ ಸುಲಭ. ಗೆರೆ ಎಲ್ಲಾದ್ರೂ ತಾಗಿದ್ರೆ ಸಾಕು ಅಂತ ಇಟ್ರೆ ಪಕ್ಕದ ಮನೆ ಹೆಂಚೂ ಬಂದುಬಿಡುತ್ತೆ, ಪೂರ್ತಿ ಒಳಗಿರಬೇಕು ಅಂತ ಇಟ್ರೆ ತುದಿಯಲ್ಲಿರೋ ಸಿಪಾಯಿ ಬಿಟ್ಟುಹೋಗ್ತಾನೆ. ಅದಕ್ಕಿಂತ ಹೆಚ್ಚು ಕಾಟ ಕೊಟ್ಟಿದ್ದು ಹೆಸರಿನ ಪಟ್ಟಿ. ಐಕಾನ್ ಅಂದ್ರೆ ಕಂಪ್ಯೂಟರ್ ಲೆಕ್ಕದಲ್ಲಿ ಚಿತ್ರ ಮತ್ತೆ ಹೆಸರು ಎರಡೂ ಸೇರಿದ ಒಂದು ಚೌಕ, ಹೆಸರು ಉದ್ದ ಇದ್ರೆ ಆ ಚೌಕ ಚಿತ್ರದ ಒಂದೂವರೆ ಪಟ್ಟು ಅಗಲ. ಉಸ್ತಾದರ ಕಣ್ಣಿಗೆ ಹೆಸರು ಕಾಣೋದೇ ಇಲ್ಲ, ಅವರು ಆನೆ ಸುತ್ತ ಗೆರೆ ಎಳೀತಾರೆ, ಸ್ಕ್ಯಾನ್ 0047 ಸುತ್ತ ಅಲ್ಲ. ಅದಕ್ಕೆ ಹೆಸರನ್ನ ಲೆಕ್ಕದಿಂದ ಪೂರ್ತಿ ಬಿಟ್ಟು, ಚಿತ್ರದ ನಡುಬಿಂದು ಗೆರೆಯೊಳಗೆ ಬಿದ್ರೆ ಒಳಗೆ, ಇಲ್ಲಾಂದ್ರೆ ಹೊರಗೆ ಅಂತ ಮಾಡಿದೆ. ಕ್ಯೂಟಿಯ ಸಿದ್ಧ ಫಂಕ್ಷನ್ನಲ್ಲಿ ನಡುಬಿಂದುವಿನ ಲೆಕ್ಕ ಇಲ್ಲ, ತಾಗೋದು ಅಥವಾ ಪೂರ್ತಿ ಒಳಗಿರೋದು ಅಷ್ಟೇ, ಹಾಗಾಗಿ ಆ ಭಾಗ ಕೈಯಲ್ಲೇ ಬರೆದೆ. ಎಳೀತಾ ಇರೋವಾಗ್ಲೇ ಒಳಗೆ ಬಿದ್ದ ಚಿತ್ರಕ್ಕೆ ಹಸಿರು ಅಂಚು ಬರುತ್ತೆ, ಮೌಸ್ ಇರೋ ಜಾಗದಿಂದ ಶುರು ಮಾಡಿದ ಜಾಗಕ್ಕೆ ಚುಕ್ಕಿ ಗೆರೆ ಕಾಣುತ್ತೆ, ಈಗ ಬಿಟ್ರೆ ಎಲ್ಲಿ ಮುಚ್ಚಿಕೊಳ್ಳುತ್ತೆ ಅಂತ ಗೊತ್ತಾಗೋಕೆ. ಈ ಹಸಿರು ಅಂಚು ಇಲ್ಲದೆ ನಡುಬಿಂದುವಿನ ನಿಯಮ ಯಾರಿಗೂ ಅರ್ಥ ಆಗ್ತಿರಲಿಲ್ಲ, ಇದ್ದಾಗ ಯಾರಿಗೂ ಹೇಳಿಕೊಡಬೇಕಾಗ್ಲಿಲ್ಲ.

ಎರಡನೇದು ನಾನು ಎಂದೂ ಊಹಿಸದೆ ಇದ್ದ ತೊಂದರೆ. ಉಸ್ತಾದರು ಆನೆ ಗುಂಪಿನ ಸುತ್ತ ಚೆನ್ನಾಗಿ ಗೆರೆ ಎಳೆದ್ರು, ಬಿಟ್ರು, ಒಂದೂ ಸೆಲೆಕ್ಟ್ ಆಗ್ಲಿಲ್ಲ. ಮತ್ತೆ ಎಳೆದ್ರು, ಆಗ್ಲಿಲ್ಲ. ನಾನು ಎಳೆದೆ, ಆಯ್ತು. ಅವರು ಎಳೆದ್ರು, ಇಲ್ಲ. ಮೂರನೇ ಸಲ ಅವರ ಕೈ ಮೇಲೆ ಕಣ್ಣಿಟ್ಟು ನೋಡಿದೆ. ಅವರು ಎರಡು ಸುತ್ತು ಹಾಕ್ತಾ ಇದ್ರು. ಮರದ ಮೇಲೆ ಪೆನ್ಸಿಲಲ್ಲಿ ಗುರುತು ಮಾಡುವಾಗ ಒಂದು ಸುತ್ತು ಹಾಕಿ, ಗೆರೆ ಗಟ್ಟಿಯಾಗ್ಲಿ ಅಂತ ಅದರ ಮೇಲೇ ಇನ್ನೊಂದು ಸುತ್ತು, ಅದು ಅವರ ಕೈಗೆ ಕೂತ ಅಭ್ಯಾಸ.

ಒಂದು ಬಿಂದು ಬೇಲಿಯೊಳಗಿದೆಯೋ ಹೊರಗಿದೆಯೋ ಅಂತ ಕಂಡುಹಿಡಿಯೋ ಹಳೇ ಉಪಾಯ ಹೀಗಿದೆ. ಗದ್ದೆ ಮಧ್ಯ ನಿಂತಿದ್ದೀರಿ ಅಂದ್ಕೊಳ್ಳಿ, ಒಂದೇ ದಿಕ್ಕಿಗೆ ನೆಟ್ಟಗೆ ನಡೆದು ಹೋಗಿ, ಬೇಲಿ ಎಷ್ಟು ಸಲ ದಾಟಿದ್ರಿ ಅಂತ ಎಣಿಸಿ. ಬೆಸ ಸಂಖ್ಯೆ ಬಂದ್ರೆ ಒಳಗಿದ್ರಿ, ಸಮ ಬಂದ್ರೆ ಹೊರಗಿದ್ರಿ. ಬೇಲಿ ಎಷ್ಟೇ ಸೊಟ್ಟ ಇದ್ರೂ ಈ ಲೆಕ್ಕ ತಪ್ಪಲ್ಲ, ಆದ್ರೆ ಬೇಲಿ ಒಂದೇ ಪದರ ಇರಬೇಕು. ಉಸ್ತಾದರು ಎರಡು ಪದರ ಬೇಲಿ ಹಾಕಿದ್ರು, ಒಳಗಿನ ಆನೆಯಿಂದ ಹೊರಟ್ರೆ ಎರಡು ಸಲ ದಾಟಬೇಕು, ಎರಡು ಸಮಸಂಖ್ಯೆ, ಹಾಗಾಗಿ ಆನೆ ಹೊರಗೆ. ಕ್ಯೂಟಿಯಲ್ಲಿ ದಾರಿಗಳಿಗೆ ಮೊದಲಿಂದ ಇರೋ ನಿಯಮ ಈ ಬೆಸ ಸಮದ್ದೇ, ನಾನದನ್ನ ಬದಲಾಯಿಸಿರಲಿಲ್ಲ. ಇನ್ನೊಂದು ನಿಯಮ ಇದೆ, ವೈಂಡಿಂಗ್ ಅಂತಾರೆ, ಗೆರೆ ಆ ಬಿಂದುವಿನ ಸುತ್ತ ಒಟ್ಟು ಎಷ್ಟು ಪ್ರದಕ್ಷಿಣೆ ಹಾಕಿದೆ ಅಂತ ಎಣಿಸುತ್ತೆ, ಬಲಸುತ್ತು ಕೂಡಿಸಿ ಎಡಸುತ್ತು ಕಳೆದು. ಸೊನ್ನೆ ಅಲ್ಲದಿದ್ರೆ ಒಳಗೆ. ಎರಡು ಪ್ರದಕ್ಷಿಣೆ ಹಾಕಿದ್ರೂ ಒಳಗೆ, ಮೂರು ಹಾಕಿದ್ರೂ ಒಳಗೆ. ಒಂದು ಸಾಲು ಬದಲಾಯಿಸಿದೆ, ಸರಿಹೋಯ್ತು. ಆಮೇಲೆ ನೆನಪಾಯ್ತು, ನಾನು ಪರೀಕ್ಷೆ ಮಾಡುವಾಗ್ಲೂ ಆಗಾಗ ಶುರು ಮಾಡಿದ ಜಾಗ ದಾಟಿ ಸ್ವಲ್ಪ ಮುಂದೆ ಎಳೆದಾಗ ಆ ಮೂಲೆಯ ಒಂದೆರಡು ಐಕಾನ್ ಬಿಟ್ಟುಹೋಗ್ತಿತ್ತು, ಕೈ ತಪ್ಪಿರಬೇಕು ಅಂತ ಬಿಟ್ಟಿದ್ದೆ. ಅದೂ ಇದೇ ಕಾರಣಕ್ಕೆ. ಗೆರೆ ತನ್ನ ಮೇಲೇ ಹಾಯ್ದ ಕಡೆ ಎರಡು ಪದರ ಆಗಿಬಿಡುತ್ತೆ. ಯಾರಾದ್ರೂ ಇಂಥದ್ದು ಬರೆಯೋರಿದ್ರೆ ದಯವಿಟ್ಟು ಮೊದಲ ದಿನಾನೇ ಎರಡು ಸುತ್ತು ಹಾಕಿ ನೋಡಿ.

ಮೂರನೇ ತೊಂದರೆ ಸ್ಕ್ರೋಲಿನದ್ದು, ಬೇಗ ಹೇಳಿಬಿಡ್ತೀನಿ. ಮೆರವಣಿಗೆ ಗುಂಪು ಒಂದು ಪರದೇಲಿ ಹಿಡಿಯಲ್ಲ, ಮೌಸ್ ಅಂಚಿಗೆ ಬಂದಾಗ ಕಿಟಕಿ ತಾನೇ ಸರಿಯಬೇಕು. ಗೆರೆಯ ಬಿಂದುಗಳನ್ನ ಕಿಟಕಿಯ ಲೆಕ್ಕದಲ್ಲಿ ನೆನಪಿಟ್ರೆ, ಸರಿದ ಕೂಡಲೇ ಗೆರೆ ಕಿಟಕಿ ಜೊತೆ ತೇಲಿ ಹೋಗುತ್ತೆ, ಐಕಾನ್‌ಗಳು ಹಿಂದೆ ಉಳಿಯುತ್ತವೆ. ಐಕಾನ್‌ಗಳು ಕೂತಿರೋ ಇಡೀ ಹಾಳೆಯ ಲೆಕ್ಕದಲ್ಲಿ ಇಡಬೇಕು. ಇದನ್ನ ಮೊದಲ ದಿನ ತಪ್ಪು ಬರೆದು ಎರಡನೇ ದಿನ ಸರಿ ಮಾಡಿದೆ.

ಶುರು ಮಾಡೋದು ಎಲ್ಲಿಂದ ಅನ್ನೋದು ಇದಕ್ಕಿಂತ ಸೂಕ್ಷ್ಮ. ಚಿತ್ರದ ಮೇಲೆ ಒತ್ತಿ ಎಳೆದ್ರೆ ಚಿತ್ರ ಸರಿಯಬೇಕು, ಖಾಲಿ ಜಾಗದಲ್ಲಿ ಒತ್ತಿ ಎಳೆದ್ರೆ ಗೆರೆ ಬರಬೇಕು. ಲ್ಯಾಸೋ ಮೋಡ್ ಅಂತ ಬೇರೆ ಬಟನ್ ಇಟ್ಟು ನೋಡಿದೆ, ಒಂದೇ ಗಂಟೇಲಿ ತೆಗೆದೆ, ಯಾವ ಮೋಡಲ್ಲಿದ್ದೀನಿ ಅಂತ ಯಾರಿಗೂ ನೆನಪಿರಲ್ಲ. ಕ್ಯೂಟಿ 10 ಪಿಕ್ಸೆಲ್ ಸರಿದ್ರೆ ಎಳೆಯೋದು ಅಂತ ಲೆಕ್ಕ ಹಾಕುತ್ತೆ, ಉಸ್ತಾದರ ಕೈಗೆ ಅದು ಸಾಲಲಿಲ್ಲ, 18ಕ್ಕೆ ಏರಿಸಿದ ಮೇಲೆ ಗೊತ್ತಿಲ್ಲದೆ ಐಕಾನ್ ಜರುಗೋದು ನಿಂತಿತು. ಕಂಟ್ರೋಲ್ ಎಳೆದ್ರೆ ಕಾಪಿ ಅನ್ನೋದನ್ನ ಈ ಕಿಟಕಿಯಿಂದ ಪೂರ್ತಿ ಕಿತ್ತು ಹಾಕಿದೆ. ಆಯ್ಕೆಯಿಂದ ಕಳೆಯೋಕೆ ಫೋಟೋಶಾಪ್ ಥರ ಆಲ್ಟ್ ಹಿಡಿದು ಎಳೆಯೋ ಹಾಗೆ ಮಾಡೋಣ ಅಂದ್ಕೊಂಡ್ರೆ, ಮಾಟೆಯಲ್ಲಿ ಆಲ್ಟ್ ಹಿಡಿದು ಎಳೆದ್ರೆ ಕಿಟಕಿಯೇ ಸರಿಯುತ್ತೆ. ಕೊನೆಗೆ ಕೀಲಿಗಳ ಸಹವಾಸವೇ ಬೇಡ ಅಂತ ಮೇಲೆ ಎರಡು ದೊಡ್ಡ ಬಟನ್ ಇಟ್ಟೆ, ಸೇರಿಸು, ತೆಗೆ. ತೆಗೆ ಒತ್ತಿದ್ರೆ ಗೆರೆ ಕೆಂಪಗೆ ಬರುತ್ತೆ, ಒಂದು ಸುತ್ತು ಮುಗಿದ ಕೂಡಲೇ ತಾನೇ ಸೇರಿಸುಗೆ ವಾಪಸ್. ಮೋಡ್ ಬೇಡ ಅಂದವಳು ಮೋಡ್ ಇಟ್ಟೆ ಅನ್ನಬಹುದು, ಆದ್ರೆ ಇದು ಒಂದು ಗೆರೆಗೆ ಮುಗಿಯೋ ಮೋಡು, ಮತ್ತೆ ಬಣ್ಣದಲ್ಲಿ ಕಣ್ಣೆದುರೇ ಇರುತ್ತೆ, ಅದಕ್ಕೇ ನಡೀತಾ ಇದೆ.

ಲ್ಯಾಸೋ ಪುಕ್ಕಟೆ ಬರಲ್ಲ, ಅದನ್ನೂ ಹೇಳ್ಬೇಕು. ಚೌಕಕ್ಕೆ ಎರಡು ಮೂಲೆ ಸಾಕು, ಜಾಸ್ತಿ ಎಳೆದ್ರೆ ಹಿಂದಕ್ಕೆ ತಂದು ಚಿಕ್ಕದು ಮಾಡಬಹುದು, ಬಿಡೋವರೆಗೂ ತಿದ್ದಬಹುದು. ಕೈಗೆರೆ ಹಾಗಲ್ಲ, ಎಳೆದಿದ್ದು ಎಳೆದ ಹಾಗೇ. ದಾರಿಯುದ್ದಕ್ಕೂ ಕೈ ಹತೋಟೀಲಿ ಇರಬೇಕು. ಇದರ ಬಗ್ಗೆ 1997ರಲ್ಲಿ ಜಾನಿ ಅಕೋ ಮತ್ತೆ ಶುಮಿನ್ ಜಾಯ್ ಒಂದು ಸೂತ್ರ ಕೊಟ್ಟಿದ್ದಾರೆ, ಸ್ಟೀರಿಂಗ್ ನಿಯಮ ಅಂತಾರೆ, ಒಂದು ಓಣಿಯೊಳಗೆ ಗೋಡೆ ತಾಗದ ಹಾಗೆ ಮೌಸ್ ಒಯ್ಯೋಕೆ ಹಿಡಿಯೋ ಸಮಯ ಓಣಿಯ ಉದ್ದಕ್ಕೆ ತಕ್ಕ ಹಾಗೆ ಏರುತ್ತೆ, ಅಗಲಕ್ಕೆ ತಕ್ಕ ಹಾಗೆ ಇಳಿಯುತ್ತೆ. ಓಣಿ ಎರಡು ಪಟ್ಟು ಅಗಲ ಆದ್ರೆ ಸಮಯ ಹೆಚ್ಚುಕಡಿಮೆ ಅರ್ಧ. ನಮ್ಮ ಲೆಕ್ಕದಲ್ಲಿ ಓಣಿ ಅಂದ್ರೆ ಎರಡು ಗುಂಪಿನ ನಡುವಿನ ಸಂದು. ಇದನ್ನ ನೋಡಿದ ಮೇಲೆ ನಾನು ಕೋಡ್ ಮುಟ್ಟಲಿಲ್ಲ, ಉಸ್ತಾದರಿಗೆ ಗುಂಪು ಗುಂಪಿನ ನಡುವೆ ಒಂದು ಬೆರಳು ಜಾಗ ಬಿಡಿ ಅಂತ ಕೇಳಿದೆ. ಅವರಿಗೆ ಕಾರಣ ಹೇಳಬೇಕಾಗೇ ಇರಲಿಲ್ಲ, "ಗರಗಸಕ್ಕೂ ದಾರಿ ಬಿಡ್ತೀವಲ್ಲಮ್ಮಾ, ಅದೇ ಲೆಕ್ಕ" ಅಂದ್ರು. ನಡುಬಿಂದುವಿನ ನಿಯಮಾನೂ ಇಲ್ಲಿ ಸಹಾಯ ಮಾಡುತ್ತೆ, ಗೆರೆ ಚಿತ್ರದ ಅಂಚಿನ ಮೇಲೆ ಹಾದುಹೋದ್ರೂ ತೊಂದರೆ ಇಲ್ಲ, ಹಾಗಾಗಿ ಕಣ್ಣಿಗೆ ಕಾಣೋ ಸಂದಿಗಿಂತ ನಿಜವಾದ ಓಣಿ ಅಗಲ.

ಅವರಿಗೆ ಎಲ್ಲಕ್ಕಿಂತ ಹೆಚ್ಚು ಸಮಾಧಾನ ತಂದಿದ್ದು ಮಾತ್ರ ಲ್ಯಾಸೋನೂ ಅಲ್ಲ, ಅಳಿಸಿಹೋದ ಆಯ್ಕೆಯನ್ನ ವಾಪಸ್ ತರೋ, ಹಿಂದಿನ ಆಯ್ಕೆ ಅನ್ನೋ ಮೂರನೇ ಬಟನ್ನು. ಹೆಚ್ಚಿನ ಫೈಲ್ ಮ್ಯಾನೇಜರಲ್ಲಿ ಖಾಲಿ ಜಾಗದಲ್ಲಿ ಒಂದು ಕ್ಲಿಕ್ ಬಿದ್ರೆ ಆಯ್ಕೆ ಅಳಿಸಿಹೋಗುತ್ತೆ. ಫೈಲ್ ಅಳಿಸಿದ್ರೆ ಕಸದ ಬುಟ್ಟಿ ಇದೆ, ಹೆಸರು ಬದಲಾಯಿಸಿದ್ರೆ ಅನ್‌ಡೂ ಇದೆ, ಹತ್ತು ನಿಮಿಷ ಕಣ್ಣು ಕಿರಿದು ಮಾಡಿ ಆರಿಸಿದ್ದು ಹೋದ್ರೆ ಏನೂ ಇಲ್ಲ. ಆಯ್ಕೆ ಮಾಡೋದೂ ಒಂದು ಕೆಲಸ ಅಂತ ಯಾರೂ ಲೆಕ್ಕಕ್ಕೆ ಇಟ್ಕೊಂಡಿಲ್ಲ. ಈ ಬಟನ್ನಿಗೆ ಹಿಡಿದದ್ದು ಕೆಲವೇ ಸಾಲು ಕೋಡು.

ಮಗನೂ ಇದನ್ನ ಬಳಸೋಕೆ ನೋಡಿದ. ಅವನ ಬಿಲ್ಲುಗಳ ಫೋಲ್ಡರು ತಾರೀಕಿನ ಪ್ರಕಾರ ಸಾಲಾಗಿ ನಿಂತಿರುತ್ತೆ, ಅವನಿಗೆ ಬೇಕಾಗೋದು ಒಂದು ತಿಂಗಳಿನದ್ದು, ಮೊದಲನೇದರ ಮೇಲೆ ಕ್ಲಿಕ್, ಕೊನೇದರ ಮೇಲೆ ಶಿಫ್ಟ್ ಹಿಡಿದು ಕ್ಲಿಕ್, ಮುಗೀತು. ಲ್ಯಾಸೋ ಅಲ್ಲಿ ಬರೀ ಕೈ ನೋವು. ಎರಡೇ ದಿನಕ್ಕೆ ಬಿಟ್ಟ, ಬಿಟ್ಟಿದ್ದೇ ಸರಿ. ಒಂದೇ ಕಂಪ್ಯೂಟರು, ಒಂದೇ ಮೇಜು, ಅಪ್ಪನಿಗೆ ಬೇಕು, ಮಗನಿಗೆ ಬೇಡ. ಅದಕ್ಕೇ ಯಾರಾದ್ರೂ ಈ ಸೌಲಭ್ಯ ಕೇಳಿದ್ರೆ ನಾನು ಮೊದಲು ಅವರ ಫೋಲ್ಡರ್ ತೆರೆಸಿ ನೋಡ್ತೀನಿ, ಐಕಾನ್ ಅಲ್ಲಿ ತಾನಾಗಿ ನಿಂತಿದ್ಯಾ ಅಥವಾ ಯಾರಾದ್ರೂ ಇಟ್ಟಿದ್ದಾರಾ ಅಂತ.

ಇತ್ತೀಚೆಗೆ ಹೋದಾಗ ಉಸ್ತಾದರು ಹೊಸದೊಂದು ಕೇಳಿದ್ರು. ಸಿಪಾಯಿಗಳು ಆನೆಯನ್ನ ಸುತ್ತುವರಿದು ನಿಂತಿರೋ ಪ್ಯಾನೆಲ್ಲು, ಸುತ್ತಲಿನ ಜನ ಮಾತ್ರ ಬೇಕು, ಒಳಗಿನ ಆನೆ ಬೇಡ, ಅದು ಆಗಲೇ ಕತ್ತರಿಸಿ ಆಗಿದೆ. ಹಳೇ ಬೆಸ ಸಮದ ನಿಯಮ ಇದ್ದಿದ್ರೆ ಹೊರಗೊಂದು ಒಳಗೊಂದು ಸುತ್ತು ಒಂದೇ ಗೆರೇಲಿ ಎಳೆದು ಬಳೆ ಆಕಾರ ತೆಗೀಬಹುದಿತ್ತು, ಇವರ ಎರಡು ಸುತ್ತಿಗಾಗಿ ನಾನೇ ಅದನ್ನ ತೆಗೆದಿದ್ದೀನಿ. ಏನು ಮಾಡೋದು ಅಂತ ನಾನು ಯೋಚನೆ ಮಾಡೋ ಅಷ್ಟೊತ್ತಿಗೆ ಅವರು ಹೊರಗಿನ ಸುತ್ತು ಹಾಕಿ, ತೆಗೆ ಒತ್ತಿ, ಆನೆ ಸುತ್ತ ಕೆಂಪು ಗೆರೆ ಎಳೆದ್ರು, ಅದೂ ಎರಡು ಸುತ್ತು. ಕೆಳಗೆ ಆಯ್ಕೆಯಾದ ಫೈಲುಗಳ ಲೆಕ್ಕ 23 ಅಂತ ಬಂತು. ಅಂಗೈ ಮೇಲೆ ಪೆನ್ನಲ್ಲಿ 23 ಬರ್ಕೊಂಡು, ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕ್ಕೊಂಡು ಜೆರಾಕ್ಸ್ ಅಂಗಡಿಗೆ ಹೊರಟ್ರು, ಅಲ್ಲಿ ಹಾಳೆ ಎಣಿಸೋಕೆ.